ವೈಲೆಟ್ ಕಾರ್ಸನ್

ವೈಲೆಟ್ ಹೆಲೆನ್ ಕಾರ್ಸನ್ (ಸೆಪ್ಟೆಂಬರ್ 1, 1898 – ಡಿಸೆಂಬರ್ 26, 1983) ಇಂಗ್ಲೆಂಡಿನ ನಟಿ, ಗಾಯಕಿ ಹಾಗೂ ಪಿಯಾನೊ ವಾದಕಿ. 'ಕೊರೊನೇಷನ್ ಸ್ಟ್ರೀಟ್' ಎಂಬ ಕಿರುತೆರೆಯ ಧಾರಾವಾಹಿಯಲ್ಲಿ ಸುಮಾರು ಇಪ್ಪತ್ತು ವರ್ಷ ನಿರ್ವಹಿಸಿದ ಈನಾ ಶಾರ್ಪಲ್ಸ್ ಎಂಬ ವೃದ್ಧೆಯ ಪಾತ್ರದಿಂದ ಇವರು ಬ್ರಿಟನ್ನಿನಲ್ಲಿ ಮನೆಮಾತಾದರು.

ಬಾಲ್ಯ ಮತ್ತು ಸಂಗೀತ

ಕಾರ್ಸನ್‌ರವರು ಹುಟ್ಟಿದ್ದು ಮ್ಯಾಂಚೆಸ್ಟರ್ ನಗರದ ಆನ್‌ಕೋಟ್ಸ್ ಎಂಬ ಕಾರ್ಮಿಕರ ಬಡಾವಣೆಯಲ್ಲಿ. ತಂದೆ ಹಿಟ್ಟಿನ ಗಿರಣಿಯ ವೃತ್ತಿಯವರು, ತಾಯಿ ಹವ್ಯಾಸಿ ಗಾಯಕಿ. ಬಾಲ್ಯದಲ್ಲಿಯೇ ಪಿಯಾನೊ ಕಲಿತ ವೈಲೆಟ್, ತಂಗಿ ನೆಲ್ಲಿಯೊಡನೆ ಸೇರಿ ಸಭೆ ಸಮಾರಂಭಗಳಲ್ಲಿ ಹಾಡುತ್ತಿದ್ದರು. ಹದಿಹರೆಯದಲ್ಲಿ ಅವರಿಗೆ ದೊರೆತ ಉದ್ಯೋಗ ಮೂಕಿ ಚಿತ್ರಗಳಿಗೆ ಪಿಯಾನೊ ನುಡಿಸುವುದು. ಪರದೆಯ ಮೇಲೆ ಮೂಡುವ ಅಳು, ನಗು, ಓಟ, ಕಾದಾಟಗಳಿಗೆ ತಕ್ಕಂತೆ ಕ್ಷಣಾರ್ಧದಲ್ಲಿ ಭಾವ ಬದಲಿಸಬೇಕಾದ ಈ ಕೆಲಸವು ಅವರ ಅಭಿನಯಕ್ಕೂ ಮೊದಲ ಪಾಠಶಾಲೆಯಾಯಿತೆಂದರೆ ತಪ್ಪಾಗಲಾರದು.

1926ರಲ್ಲಿ ಜಾರ್ಜ್ ಪೆಪ್ಲೋ ಎಂಬುವರೊಡನೆ ವಿವಾಹವಾಯಿತು. ಎರಡೇ ವರ್ಷಗಳಲ್ಲಿ ಪತಿ ತೀರಿಕೊಂಡರು. ಮಕ್ಕಳಿರಲಿಲ್ಲ. ಮೂವತ್ತು ತುಂಬುವ ಮೊದಲೇ ವಿಧವೆಯಾದ ಅವರು ಮುಂದೆ ಮರುಮದುವೆಯಾಗಲಿಲ್ಲ.

ಬಾನುಲಿಯಲ್ಲಿ

1935ರಿಂದ ಬಿಬಿಸಿಯ ಮ್ಯಾಂಚೆಸ್ಟರ್ ಕೇಂದ್ರದಲ್ಲಿ ಹಾಡತೊಡಗಿದರು. ಮಕ್ಕಳ ಕಾರ್ಯಕ್ರಮದಲ್ಲಿ ಶಿಶುಗೀತೆಗಳನ್ನು ಹಾಡಿ ಹೇಳಿಕೊಡುತ್ತಿದ್ದ ಅವರು ಕೇಳುಗ ಮಕ್ಕಳಿಗೆಲ್ಲ 'ಆಂಟಿ ವೈ' ಆದರು. ವಿಲ್‌ಫ್ರೆಡ್ ಪಿಕಲ್ಸ್ ಊರೂರು ಸುತ್ತಿ ಜನಸಾಮಾನ್ಯರನ್ನು ಮಾತಿಗೆಳೆಯುತ್ತಿದ್ದ 'ಹ್ಯಾವ್ ಎ ಗೋ' ಕಾರ್ಯಕ್ರಮಕ್ಕೂ ಕೆಲಕಾಲ ಪಿಯಾನೊ ನುಡಿಸಿದರು. ಮಹಿಳೆಯರ ಕಾರ್ಯಕ್ರಮದ ನಿರೂಪಣೆ, ಬಾನುಲಿ ನಾಟಕಗಳು, ರಂಗಭೂಮಿಯ ಪಾತ್ರಗಳು ಇದರ ಜೊತೆಗೇ ನಡೆದಿದ್ದವು. ಹೀಗೆ ಕಾಲು ಶತಮಾನ ದುಡಿದ ಮೇಲೆಯೇ ಕೀರ್ತಿಯ ಶಿಖರ ಬಂದದ್ದು.

ಈನಾ ಶಾರ್ಪಲ್ಸ್

ಮಕ್ಕಳ ಕಾರ್ಯಕ್ರಮದಲ್ಲಿ ಅಭಿನಯಿಸುತ್ತಿದ್ದ ಬಾಲನಟರ ಪೈಕಿ ಟೋನಿ ವಾರನ್ ಒಬ್ಬ. ಆತ ಬೆಳೆದು, ತನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಇಂಗ್ಲೆಂಡಿನ ಉತ್ತರ ಭಾಗದ ಒಂದು ಬೀದಿಯ ಬಡಜನರ ಬದುಕನ್ನು ಕುರಿತು ಗ್ರನಾಡಾ ಟೆಲಿವಿಷನ್ನಿಗೆ ಧಾರಾವಾಹಿ ರಚಿಸಿದ. ಮೊದಲಿಗೆ ಹದಿಮೂರು ಕಂತುಗಳಿಗೆಂದು ಒಪ್ಪಿಕೊಂಡಿದ್ದ ಆ ಧಾರಾವಾಹಿಯು 1960ರ ಡಿಸೆಂಬರ್ 9ರಂದು ಆರಂಭವಾಗಿ ಇಂದಿಗೂ ನಡೆಯುತ್ತಿದೆ. ಆರಂಭದ ವಾರಗಳಲ್ಲಿ ಶುಕ್ರವಾರದ ಕಂತು ನೇರ ಪ್ರಸಾರವಾಗುತ್ತಿತ್ತು. ತಪ್ಪಿದರೆ ತಿದ್ದಲು ಅವಕಾಶವಿರಲಿಲ್ಲ. ಆಗ ಕಾರ್ಸನ್‌ರಿಗೆ ಅರವತ್ತೆರಡು ವರ್ಷ.

ಈನಾ ಶಾರ್ಪಲ್ಸ್ ಪ್ರಾರ್ಥನಾ ಮಂದಿರವೊಂದರ ಮೇಲ್ವಿಚಾರಕಿ. ಕೂದಲಿಗೆ ಬಲೆ, ಮೈಮೇಲೆ ಮಾಸಲು ಕೋಟು, ಬಾಯಲ್ಲಿ ಊರವರ ಉಸಾಬರಿ. ಗೆಳತಿಯರಾದ ಮಿನ್ನಿ ಮತ್ತು ಮಾರ್ಥಾರೊಡನೆ ಪಬ್ಬಿನ ಮೂಲೆಯಲ್ಲಿ ಕುಳಿತು, ಕಪ್ಪು ಬಿಯರ್ ಹೀರುತ್ತಾ ಬೀದಿಯ ಪ್ರತಿಯೊಬ್ಬರ ನಡತೆಗೂ ಆಕೆ ತೀರ್ಪು ಕೊಡುತ್ತಿದ್ದಳು. ಕೇವಲ ಜಗಳಗಂಟಿಯಾಗಿ ಉಳಿಯಬಹುದಾಗಿದ್ದ ಈ ಪಾತ್ರಕ್ಕೆ ಕಾರ್ಸನ್ ಒಂಟಿತನದ ನೋವನ್ನೂ ಬಡತನದ ಸ್ವಾಭಿಮಾನವನ್ನೂ ಬೆರೆಸಿದರು. ಪ್ರೇಕ್ಷಕರು ಈನಾಳಿಗೆ ಹೆದರುತ್ತಲೇ ಆಕೆಯನ್ನು ಪ್ರೀತಿಸಿದ್ದು ಈ ಕಾರಣದಿಂದ.

ಆದರೆ ಪಾತ್ರವು ನಟಿಯನ್ನೇ ನುಂಗಿತು. ಸಂಗೀತಗಾರ್ತಿಯಾಗಿ ಅವರು ಗಳಿಸಿದ್ದ ಹೆಸರು ಹಿಂದೆ ಸರಿದು, ಬೀದಿಯಲ್ಲಿ ಕಂಡ ಜನರೆಲ್ಲ ಅವರನ್ನು ಈನಾ ಎಂದೇ ಕರೆಯತೊಡಗಿದರು. ನಿಜ ಜೀವನದಲ್ಲಿ ಅವರು ಅಚ್ಚುಕಟ್ಟಾಗಿ ಉಡುವ, ಮೃದುವಾಗಿ ಮಾತನಾಡುವ ಮಹಿಳೆ. ಕೆಲವೊಮ್ಮೆ ಕಥೆಯಲ್ಲಿಯೇ ಈನಾ ಹಾರ್ಮೋನಿಯಂ ಮುಂದೆ ಕೂರುತ್ತಿದ್ದಳು. ಆಗ ಕೇಳಿಬರುತ್ತಿದ್ದುದು ಕಾರ್ಸನ್‌ರ ಬೆರಳುಗಳೇ.

ಗೌರವಗಳು

1965ರಲ್ಲಿ ಬ್ರಿಟಿಷ್ ಸರ್ಕಾರದ ಒಬಿಇ ಗೌರವ ಸಂದಿತು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ 1973ರಲ್ಲಿ ಗೌರವ ಎಂ.ಎ. ಪದವಿ ನೀಡಿತು. ಸ್ಯಾಮ್ ಮ್ಯಾಕ್‌ಗ್ರೆಡಿ ಎಂಬ ತಳಿಗಾರರು ಬೆಳೆಸಿದ ಒಂದು ಗುಲಾಬಿಗೆ 1964ರಲ್ಲಿ 'ವೈಲೆಟ್ ಕಾರ್ಸನ್' ಎಂದು ಹೆಸರಿಡಲಾಯಿತು. ಗುಲಾಬಿಗೆ ದೊರೆತದ್ದು ಈನಾಳ ಹೆಸರಲ್ಲ ಎಂಬುದು ಗಮನಾರ್ಹ.

ಕೊನೆಯ ವರ್ಷಗಳು

1970ರ ದಶಕದ ನಡುವಿನಿಂದ ಅನಾರೋಗ್ಯ ಕಾಡಿ, ಅವರು ತೆರೆಯ ಮೇಲೆ ಕಾಣಿಸುವುದು ವಿರಳವಾಯಿತು. 1980ರ ವಸಂತದಲ್ಲಿ ಈನಾ ಸೇಂಟ್ ಆನ್ಸ್ ಎಂಬ ಕಡಲತೀರದ ಊರಿಗೆ ಹೊರಟಳು, ಮರಳಿ ಬರಲಿಲ್ಲ. ಧಾರಾವಾಹಿಯಲ್ಲಿ ಆಕೆಯ ಸಾವನ್ನು ತೋರಿಸಲೇ ಇಲ್ಲ. ಕಾರ್ಸನ್‌ರವರು ಬ್ಲ್ಯಾಕ್‌ಪೂಲಿನ ಬಿಸ್ಪಮ್‌ನಲ್ಲಿದ್ದ ತಮ್ಮ ಮನೆಯಲ್ಲಿ, ತಂಗಿ ನೆಲ್ಲಿಯ ಜೊತೆಗೆ ಕೊನೆಯ ದಿನಗಳನ್ನು ಕಳೆದು, 1983ರ ಕ್ರಿಸ್‌ಮಸ್‌ನ ಮರುದಿನ ತಮ್ಮ 85ನೆಯ ವಯಸ್ಸಿನಲ್ಲಿ ನಿಧನರಾದರು.