ಬೆಳಗಾವಿಯಿಂದ ಆಂಟ್‌ವರ್ಪ್‌ಗೆ: ಫಡೆಪ್ಪ ಚೌಗುಲೆಯವರ ದೀರ್ಘ ಓಟ

ಬೀಳಗಿ: ಸೇನೆ ಹಾಗೂ ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಗೆ ಸಿದ್ಧರಾಗುವ ಯುವಕರು ನಸುಕಿನಲ್ಲೆದ್ದು ಊರ ಹೊರಗಿನ ರಸ್ತೆಗಳಲ್ಲಿ ಓಡುವುದು ಉತ್ತರ ಕರ್ನಾಟಕದ ನಿತ್ಯದ ನೋಟ. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಣ ಬೀಳಗಿಯೂ ಇದಕ್ಕೆ ಹೊರತಲ್ಲ. ಹೀಗೆ ಓಡುವವರಿಗೆಲ್ಲ ಮಿಲ್ಖಾ ಸಿಂಗ್ ಹೆಸರು ಗೊತ್ತು. ಬೆಳಗಾವಿಯ ಕ್ರೀಡಾಸಕ್ತರು ಅಭಿಮಾನದಿಂದ ನೆನೆಯುವ ಫಡೆಪ್ಪ ದರೆಪ್ಪ ಚೌಗುಲೆಯವರ ಹೆಸರು ಮಾತ್ರ ಅಷ್ಟು ದೂರ ಹಬ್ಬಲಿಲ್ಲ. 1920ರಲ್ಲಿ ಭಾರತ ಮೊದಲ ಬಾರಿಗೆ ತಂಡ ಕಟ್ಟಿಕೊಂಡು ಒಲಿಂಪಿಕ್ಸ್‌ಗೆ ಹೋದಾಗ ಮ್ಯಾರಥಾನ್ ಓಡಿ ಮುಗಿಸಿದ ಏಕೈಕ ಭಾರತೀಯ ಅವರು.

ಚೌಗುಲೆ ಹುಟ್ಟಿದ್ದು 1902ರಲ್ಲಿ. ಆಗ ಬೆಳಗಾವಿ, ಧಾರವಾಡ, ಬಿಜಾಪುರ ಜಿಲ್ಲೆಗಳೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಬೀಳಗಿ ಬಿಜಾಪುರ ಜಿಲ್ಲೆಯಲ್ಲಿತ್ತು. ಪಕ್ಕದ ಜಮಖಂಡಿ ಮತ್ತು ಮುಧೋಳಗಳಲ್ಲಿ ಸಂಸ್ಥಾನಿಕರ ಆಡಳಿತವಿತ್ತು. ಗರಡಿಮನೆ ಮತ್ತು ಕುಸ್ತಿಗೆ ಈ ಸೀಮೆಯಲ್ಲಿ ದೊರೆತ ಮನ್ನಣೆ ಓಟಕ್ಕೆ ಎಂದೂ ದೊರೆತಿರಲಿಲ್ಲ. ಜಟ್ಟಿಗೆ ಸಂಸ್ಥಾನಿಕರ ಆಶ್ರಯವಿತ್ತು, ಜಾತ್ರೆಯ ಕಣವಿತ್ತು, ಬೆಳ್ಳಿಯ ಕಡಗವಿತ್ತು. ಓಟಗಾರನಿಗೆ ಇದ್ದದ್ದು ರಸ್ತೆ ಮಾತ್ರ. ಓಟವನ್ನು ಸ್ಪರ್ಧೆಯೆಂದು ಕಂಡು ಬಹುಮಾನವಿಟ್ಟ ಕೆಲವೇ ಸಂಸ್ಥೆಗಳಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾ ಒಂದು. ಚೌಗುಲೆಯವರ ಒಲಿಂಪಿಕ್ಸ್ ದಾರಿ ತೆರೆದದ್ದು ಅಲ್ಲಿಂದಲೇ.

ಉದ್ಯಮಿ ಸರ್ ದೊರಾಬ್ಜಿ ಟಾಟಾ ಆಗ ಜಿಮ್ಖಾನಾದ ಅಧ್ಯಕ್ಷರು. ಅಲ್ಲಿನ ಕ್ರೀಡಾಕೂಟದಲ್ಲಿ ದೂರದ ಓಟಕ್ಕೆ ನಿಂತ ಹುಡುಗರನ್ನು ಅವರು ಬೆರಗಿನಿಂದ ಗಮನಿಸಿದರು. ಹೊಲದಲ್ಲಿ ದುಡಿಯುವ ಒಕ್ಕಲು ಮಕ್ಕಳು, ಉಣ್ಣುವುದು ಬಡವರ ಊಟ, ಓಟದ ನಿಯಮವೂ ಗೊತ್ತಿಲ್ಲ, ಕಲಿಸಿದವರೂ ಇಲ್ಲ, ಕಾಲಿಗೆ ಬೂಟಿಲ್ಲ. ಆದರೂ ಅವರು ತೆಗೆದುಕೊಂಡ ಸಮಯವನ್ನು ಯುರೋಪಿನ ಓಟಗಾರರ ಸಮಯದೊಡನೆ ಹೋಲಿಸಲು ಸಾಧ್ಯವಿತ್ತು. ಇಂಥವರನ್ನು ಒಲಿಂಪಿಕ್ಸ್‌ಗೆ ಏಕೆ ಕಳಿಸಬಾರದು ಎಂಬ ಯೋಚನೆ ಟಾಟಾ ಅವರಿಗೆ ಬಂತು. ಮುಂಬಯಿ ಗವರ್ನರ್ ಸರ್ ಜಾರ್ಜ್ ಲಾಯ್ಡ್ ಅವರೊಡನೆ ಮಾತುಕತೆ ನಡೆಯಿತು. ಲಂಡನ್ ಮೂಲಕ ಪತ್ರ ವ್ಯವಹಾರ ನಡೆದು, 1920ರ ಆರಂಭದಲ್ಲಿ ಭಾರತಕ್ಕೆ ಆಹ್ವಾನ ದೊರೆಯಿತು.

ಆ ದಿನಗಳ ತಿಳಿವಳಿಕೆ ಎಷ್ಟಿತ್ತು ಎಂಬುದಕ್ಕೆ ಒಂದು ಕಥೆ ಪ್ರಚಲಿತದಲ್ಲಿದೆ. 100 ಮೀಟರ್ ಓಟಕ್ಕೆ ಒಲಿಂಪಿಕ್ಸ್ ಮಟ್ಟದ ಸಮಯ ಎಷ್ಟೆಂದು ಕೇಳಿದಾಗ ಜಿಮ್ಖಾನಾದ ಹಿರಿಯ ಸದಸ್ಯರೊಬ್ಬರು ಎರಡು-ಮೂರು ನಿಮಿಷವೆಂದು ಉತ್ತರಿಸಿದರಂತೆ. ಲೆಕ್ಕ ನಿಮಿಷದಲ್ಲಲ್ಲ, ಸೆಕೆಂಡಿನಲ್ಲಿ ಎಂದು ತಿಳಿಸಿದಾಗ ಅವರು ನಂಬಲೇ ಇಲ್ಲವಂತೆ. ನಕ್ಕು ಬಿಡಬಹುದಾದ ಕಥೆ ನಿಜ. ಆದರೆ ಚೌಗುಲೆಯಂಥವರು ಯಾವ ಮಾರ್ಗದರ್ಶನವೂ ಇಲ್ಲದೆ ಓಡಿದರು ಎಂಬುದೂ ಇದರಿಂದಲೇ ತಿಳಿಯುತ್ತದೆ.

ಆಯ್ಕೆಯಾದವರು ಆರು ಮಂದಿ. ಬಂಗಾಳದ ಪೂರ್ಮ ಬ್ಯಾನರ್ಜಿ, ಬೆಳಗಾವಿಯ ಚೌಗುಲೆ, ಸಾತಾರೆಯ ಸದಾಶಿವ ದಾತಾರ್ ಮತ್ತು ಹುಬ್ಬಳ್ಳಿಯ ಕೈಕಾಡಿ ಓಟಗಾರರು. ಕುಮಾರ್ ನವಲೆ ಮತ್ತು ರಣಧೀರ್ ಶಿಂಧೆ ಕುಸ್ತಿಪಟುಗಳು. ಆರರಲ್ಲಿ ಇಬ್ಬರು ಇಂದಿನ ಕರ್ನಾಟಕದ ನೆಲದವರು ಎಂಬುದನ್ನು ಇಲ್ಲಿ ಹೇಳಲೇಬೇಕು. ಖರ್ಚಿನ ದೊಡ್ಡ ಹೊರೆಯನ್ನು ಟಾಟಾ ಅವರೇ ಹೊತ್ತರು. ಸಮುದ್ರ ದಾಟಿ ಇಂಗ್ಲೆಂಡ್ ತಲುಪಿದ ತಂಡ ಅಲ್ಲಿ ಕೆಲಕಾಲ ಅಭ್ಯಾಸ ನಡೆಸಿ ಬೆಲ್ಜಿಯಂಗೆ ತೆರಳಿತು.

ಮೊದಲ ಮಹಾಯುದ್ಧ ಮುಗಿದು ಎರಡು ವರ್ಷವೂ ಆಗಿರದ ಆಂಟ್‌ವರ್ಪ್‌ನಲ್ಲಿ 1920ರ ಆಗಸ್ಟ್ 22ರಂದು ಮ್ಯಾರಥಾನ್ ನಡೆಯಿತು. ದೂರ 42.75 ಕಿಲೋಮೀಟರ್. ಇಂದಿನ 42.195 ಕಿಲೋಮೀಟರಿಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಒಲಿಂಪಿಕ್ಸ್ ಇತಿಹಾಸದಲ್ಲೇ ಅತಿ ಉದ್ದದ ಮ್ಯಾರಥಾನ್ ಅದು. ಗೆದ್ದವರು ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನನ್, 2 ಗಂಟೆ 32 ನಿಮಿಷ 35.8 ಸೆಕೆಂಡ್. ಎಸ್ತೋನಿಯಾದ ಯೂರಿ ಲೋಸ್‌ಮನ್ ಬರೀ 13 ಸೆಕೆಂಡಿನಷ್ಟು ಹಿಂದೆ ಬಿದ್ದು ಎರಡನೆಯವರಾದರು. ದಾತಾರ್ ಓಟ ಪೂರ್ಣಗೊಳಿಸಲಿಲ್ಲ. ಚೌಗುಲೆ 2 ಗಂಟೆ 50 ನಿಮಿಷ 45.4 ಸೆಕೆಂಡಿನಲ್ಲಿ ಗುರಿ ಮುಟ್ಟಿ 19ನೇ ಸ್ಥಾನ ಪಡೆದರು. ಅವರಿಗಾಗ ಹದಿನೆಂಟು ವರ್ಷ.

ಈ ಅಂಕಿಗಳನ್ನು ಬಿಡಿಸಿ ನೋಡಿದರೆ ಓಟದ ತೂಕ ಅರ್ಥವಾಗುತ್ತದೆ. ಕಿಲೋಮೀಟರಿಗೆ ಹೆಚ್ಚುಕಡಿಮೆ 4 ನಿಮಿಷದಂತೆ, ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಅವರು ಮೂರು ಗಂಟೆಗೆ ಸಮೀಪ ಓಡಿದ್ದರು. ಇಂದಿನ ಅಳತೆಯ ಮ್ಯಾರಥಾನ್‌ಗೆ ಹೊಂದಿಸಿದರೆ ಅದು 2 ಗಂಟೆ 48 ನಿಮಿಷದ ಆಸುಪಾಸು. ಬೆಂಗಳೂರು, ಮುಂಬಯಿಗಳಲ್ಲಿ ಮೆತ್ತನೆಯ ಬೂಟು ತೊಟ್ಟು, ಕೈಗೆ ಗಡಿಯಾರ ಕಟ್ಟಿ ವರ್ಷಗಟ್ಟಲೆ ತಯಾರಿ ನಡೆಸುವ ಹವ್ಯಾಸಿಗಳಲ್ಲಿ ಹೆಚ್ಚಿನವರಿಗೆ ಮೂರು ಗಂಟೆಯ ಗಡಿ ದಾಟುವುದೇ ಜೀವಮಾನದ ಗುರಿ.

ಇದು ಹೇಗೆ ಸಾಧ್ಯವಾಯಿತು? ಮ್ಯಾರಥಾನ್‌ಗೆ ಬೇಕಾದ ಶಕ್ತಿಯ ಬಹುತೇಕ ಪಾಲು ಆಮ್ಲಜನಕ ಬಳಸಿ ಉತ್ಪತ್ತಿಯಾಗುವಂಥದು. ತಜ್ಞರು ಇದನ್ನು ಏರೋಬಿಕ್ ಸಾಮರ್ಥ್ಯ ಎನ್ನುತ್ತಾರೆ. ಏದುಸಿರಿಲ್ಲದೆ, ಜೊತೆಯವರೊಡನೆ ಮಾತನಾಡುತ್ತ ಸಾಗಬಹುದಾದ ವೇಗದಲ್ಲಿ ತಿಂಗಳು, ವರ್ಷಗಳ ಕಾಲ ದೇಹ ದುಡಿದಾಗ ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ. ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ. ಕೊಬ್ಬನ್ನು ಇಂಧನವಾಗಿ ಬಳಸುವ ಶಕ್ತಿ ಬೆಳೆಯುತ್ತದೆ. ಟಾಟಾ ಕಂಡ ಒಕ್ಕಲು ಹುಡುಗರಿಗೆ ಈ ತಳಪಾಯವನ್ನು ಹಾಕಿಕೊಟ್ಟಿದ್ದು ತರಬೇತಿಯಲ್ಲ, ಬದುಕು. ಬಾಲ್ಯದಿಂದ ಹೊಲಕ್ಕೆ, ಸಂತೆಗೆ ಕಾಲ್ನಡಿಗೆ. ಬೆಳಗಿನಿಂದ ಸಂಜೆವರೆಗೆ ನಿಂತು ದುಡಿಮೆ. ವೇಗದ ಅಭ್ಯಾಸದಿಂದ ಬಂದ ಲಾಭ ಬೇಗ ಮಂಕಾಗುತ್ತದೆ. ಇಂಥ ತಳಪಾಯ ಕರಗುವುದು ನಿಧಾನ. ದೀರ್ಘ ಹಡಗು ಪ್ರಯಾಣದ ನಂತರವೂ ಚೌಗುಲೆಯವರ ಕಾಲು ಸೋಲದಿರಲು ಇದೂ ಒಂದು ಕಾರಣವಿದ್ದೀತು.

ಅವರ ಕಾಲದಲ್ಲಿ ಹೃದಯ ಬಡಿತ ಎಣಿಸಿ ಓಟ ಕಲಿಸುವ ಪದ್ಧತಿ ಇರಲಿಲ್ಲ. 1930ರ ದಶಕದಲ್ಲಿ ಜರ್ಮನಿಯ ತರಬೇತುದಾರ ವೋಲ್ಡೆಮಾರ್ ಗೆರ್ಶ್ಲರ್ ಮತ್ತು ಹೃದ್ರೋಗ ತಜ್ಞ ಹರ್ಬರ್ಟ್ ರೈಂಡೆಲ್ ನಾಡಿ ಬಡಿತವನ್ನು ಅಭ್ಯಾಸದ ಅಳತೆಗೋಲಾಗಿಸಿದರು. ನ್ಯೂಜಿಲೆಂಡಿನಲ್ಲಿ ಚಪ್ಪಲಿ ಕಾರ್ಖಾನೆಯ ಕೆಲಸಗಾರರಾಗಿದ್ದ ಆರ್ಥರ್ ಲಿಡಿಯಾರ್ಡ್ 1950ರ ದಶಕದಲ್ಲಿ ತಮ್ಮ ಶಿಷ್ಯರನ್ನು ವಾರಕ್ಕೆ ಸುಮಾರು 160 ಕಿಲೋಮೀಟರ್ ಓಡಿಸಿ ಮೊದಲು ತಳಪಾಯ, ನಂತರ ವೇಗ ಎಂಬ ಕ್ರಮ ರೂಪಿಸಿದರು. ಅವರ ಶಿಷ್ಯ ಪೀಟರ್ ಸ್ನೆಲ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಗೆದ್ದದ್ದು ಮ್ಯಾರಥಾನ್ ಅಲ್ಲ, 800 ಮೀಟರ್ ಓಟ. ಎದೆಗೆ ಕಟ್ಟಿಕೊಳ್ಳುವ ಹೃದಯ ಬಡಿತ ಮಾಪಕಗಳು ಬಂದದ್ದು 1980ರ ದಶಕದಲ್ಲಿ. ಅಮೆರಿಕದ ಫಿಲ್ ಮಾಫೆಟೋನ್ 180ರಿಂದ ವಯಸ್ಸನ್ನು ಕಳೆಯುವ ಸರಳ ಸೂತ್ರ ಕೊಟ್ಟರು: 25 ವರ್ಷದವರು ನಿಮಿಷಕ್ಕೆ 155 ಬಡಿತ ಮೀರದಂತೆ ಓಡಬೇಕು. ಸೂತ್ರ ಎಲ್ಲರಿಗೂ ಕರಾರುವಾಕ್ಕಾಗಿ ಹೊಂದದು. ಮಾತನಾಡಲು ಉಸಿರು ಉಳಿಯುತ್ತದೆಯೇ ಎಂಬ ಹಳೆಯ ಪರೀಕ್ಷೆಯೂ ಕೆಲಸಕ್ಕೆ ಬರುತ್ತದೆ.

ನೇಮಕಾತಿಯ 1600 ಮೀಟರ್ ಓಟಕ್ಕೆ ಸಿದ್ಧರಾಗುವವರು ಗಮನಿಸಬೇಕಾದದ್ದು ಇಲ್ಲಿದೆ. ಆ ಓಟದಲ್ಲೂ ಮುಕ್ಕಾಲು ಪಾಲಿಗಿಂತ ಹೆಚ್ಚು ಶಕ್ತಿ ಆಮ್ಲಜನಕದಿಂದಲೇ ಬರುವಂಥದು. ಅಧಿಸೂಚನೆ ಹೊರಬಿದ್ದ ಮೇಲೆ ನಿತ್ಯ ಪೂರ್ಣ ವೇಗದಲ್ಲಿ ಓಡಿ ಮೊಣಕಾಲು, ಕಣಕಾಲು ನೋವಿಗೆ ತುತ್ತಾಗುವವರೇ ಹೆಚ್ಚು. ನಿಧಾನದ ಓಟ ಸೋಮಾರಿತನವಲ್ಲ. ಒಂದೇ ಹಾದಿಯನ್ನು ಒಂದೇ ನಾಡಿ ಬಡಿತದಲ್ಲಿ ಓಡಿ, ಎರಡು-ಮೂರು ತಿಂಗಳಲ್ಲಿ ಸಮಯ ಇಳಿದರೆ ತಳಪಾಯ ಬಲಿತಿದೆ ಎಂದರ್ಥ. ಯಂತ್ರವಿಲ್ಲದವರು ಓಟ ನಿಲ್ಲಿಸಿದೊಡನೆ ಮಣಿಕಟ್ಟಿನ ಬಡಿತವನ್ನು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೂ ಸಾಕು. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಸೈಕ್ಲಿಂಗ್ ಪಟುಗಳಿಗೆ ಇದು ಹೊಸ ವಿಷಯವಲ್ಲ. ಅವರ ದೀರ್ಘ ಸವಾರಿಗಳ ಹಿಂದಿರುವುದೂ ಇದೇ ತತ್ವ.

ಆಂಟ್‌ವರ್ಪ್‌ನಿಂದ ತಂಡ ಪದಕವಿಲ್ಲದೆ ಮರಳಿತು. ಕುಸ್ತಿಯಲ್ಲಿ ಶಿಂಧೆ ನಾಲ್ಕನೆಯವರಾದದ್ದೇ ಪದಕಕ್ಕೆ ಅತಿ ಸಮೀಪದ ಸಾಧನೆ. ಟಾಟಾ ಅದೇ ವರ್ಷ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರಾದರು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರೂ ಅವರೇ. ಮರುವರ್ಷ ಹಾಕಿ ತಂಡ ಆಮ್‌ಸ್ಟರ್‌ಡಾಮ್‌ನಲ್ಲಿ ಚಿನ್ನ ಗೆದ್ದಿತು. ದೇಶದ ಕಣ್ಣು ಹಾಕಿಯತ್ತ ಹೊರಳಿತು. ದೂರದ ಓಟಗಾರರು ಹಿನ್ನೆಲೆಗೆ ಸರಿದರು.

ಚೌಗುಲೆ ಮತ್ತೆ ಒಲಿಂಪಿಕ್ಸ್‌ನಲ್ಲಿ ಓಡಲಿಲ್ಲ. 1924ರ ಪ್ಯಾರಿಸ್ ಮ್ಯಾರಥಾನ್‌ನಲ್ಲಿ ಮಹಾದೇವ್ ಸಿಂಗ್ 29ನೆಯವರಾದರು. ಚೌಗುಲೆ ನಿಧನರಾದದ್ದು 1952ರಲ್ಲಿ. ಅದೇ ವರ್ಷ ಹೆಲ್ಸಿಂಕಿಯಲ್ಲಿ ಸ್ವತಂತ್ರ ಭಾರತದ ಸೂರತ್ ಸಿಂಗ್ ಮಾಥುರ್ 52ನೆಯವರಾಗಿ ಮ್ಯಾರಥಾನ್ ಮುಗಿಸಿದರು. ಅವರು ತೆಗೆದುಕೊಂಡ ಸಮಯ 2 ಗಂಟೆ 58 ನಿಮಿಷ. ಮೂವತ್ತೆರಡು ವರ್ಷಗಳ ಹಿಂದೆ ಇನ್ನೂ ಉದ್ದದ ಹಾದಿಯಲ್ಲಿ ಚೌಗುಲೆ ತೆಗೆದುಕೊಂಡದ್ದಕ್ಕಿಂತ ಹೆಚ್ಚು. ಒಲಿಂಪಿಕ್ ಮ್ಯಾರಥಾನ್‌ನಲ್ಲಿ ಭಾರತೀಯನೊಬ್ಬ ಬೆಳಗಾವಿಯ ಓಟಗಾರನ 19ನೇ ಸ್ಥಾನವನ್ನು ಮೀರಲು 1976ರವರೆಗೆ ಕಾಯಬೇಕಾಯಿತು. ಆ ವರ್ಷ ಮಾಂಟ್ರಿಯಲ್‌ನಲ್ಲಿ ಶಿವನಾಥ್ ಸಿಂಗ್ 2 ಗಂಟೆ 16 ನಿಮಿಷ 22 ಸೆಕೆಂಡಿನಲ್ಲಿ ಓಡಿ 11ನೆಯವರಾದರು.