ಕೊರಳಲ್ಲಿನ ಜಪಸರ

ಮನೆಯ ಗೋಡೆಗೆ ತೂಗುಹಾಕಿದ ಜಪಸರವನ್ನು ನೀವು ಕೈಗೆತ್ತಿಕೊಂಡು ಎಷ್ಟು ದಿನಗಳಾದವು? ಸಂತ ಜೋಸೆಫ್ ವಾಜ್‌ರವರನ್ನು ಒಮ್ಮೆ ನೆನೆಯಿರಿ.

1651ರಲ್ಲಿ ಗೋವೆಯ ಬಾಣಾವಳಿಯಲ್ಲಿ ಹುಟ್ಟಿ, 1676ರಲ್ಲಿ ಗುರುದೀಕ್ಷೆ ಪಡೆದ ಅವರು, 1681ರಿಂದ ಮೂರು ವರ್ಷ ನಮ್ಮ ಕೆನರಾ ಸೀಮೆಯಲ್ಲಿ ಸೇವೆ ಸಲ್ಲಿಸಿದರು. ಅತ್ತ ಲಂಕೆಯಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ. 1687ರಲ್ಲಿ ವಾಜ್‌ರವರು ಬಡವನ ವೇಷದಲ್ಲಿ ಜಾಫ್ನಾ ಸೇರಿದರು. ಕಥೋಲಿಕರು ಯಾರೆಂದು ಬಾಯಿಬಿಟ್ಟು ಕೇಳುವಂತಿಲ್ಲ. ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ನಡೆದರು. ಅದರ ಗುರುತು ಹಿಡಿದವರಿಂದಲೇ ಅಲ್ಲಿನ ಧರ್ಮಸಭೆ ಮತ್ತೆ ಚಿಗುರಿತು.

ಕ್ಯಾಂಡಿಯಲ್ಲಿ ಅವರನ್ನು ಬೇಹುಗಾರನೆಂದು ಸೆರೆಯಲ್ಲಿಟ್ಟರು. 1697ರಲ್ಲಿ ಅದೇ ಊರಿಗೆ ಸಿಡುಬು ಬಂದಾಗ, ಬಂಧುಗಳೇ ತೊರೆದ ರೋಗಿಗಳನ್ನು ಅವರು ಮತಭೇದವೆಣಿಸದೆ ಆರೈಕೆ ಮಾಡಿದರು. 1711ರಲ್ಲಿ ಅಲ್ಲೇ ಕಣ್ಮುಚ್ಚಿದರು. 2015ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಗುರುಗಳಿಲ್ಲದ ಅಷ್ಟು ವರ್ಷ ವಿಶ್ವಾಸದ ದೀಪ ಆರದಂತೆ ಕಾಯ್ದವರು ಮನೆಯ ತಂದೆತಾಯಂದಿರು. ನಮಗಾದರೋ ಚರ್ಚಿದೆ, ಗುರುಗಳಿದ್ದಾರೆ. ಆ ಭಿಕ್ಷುಕ ಇಂದು ನಿಮ್ಮ ಬಾಗಿಲಿಗೆ ಬಂದರೆ, ನಿಮ್ಮ ಮಕ್ಕಳು ಜಪಸರದ ಗುರುತು ಹಿಡಿಯುವರೇ? ಇಂದು ರಾತ್ರಿ ಊಟಕ್ಕೆ ಮುಂಚೆ ಎಲ್ಲರೂ ಕೂಡಿ ಜಪಸರ ಪ್ರಾರ್ಥಿಸಿರಿ.