ವಿ. ಎಂ. ಘಾಟಗೆ

ಡಾ. ವಿಷ್ಣು ಮಾಧವ ಘಾಟಗೆ (24 ಅಕ್ಟೋಬರ್ 1908 – 6 ಡಿಸೆಂಬರ್ 1991) ಭಾರತದ ಪ್ರಮುಖ ವಿಮಾನ ವಿನ್ಯಾಸಕಾರರಲ್ಲಿ ಒಬ್ಬರು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ (ಇಂದಿನ ಎಚ್‌ಎಎಲ್) ಎಚ್‌ಟಿ-2 ತರಬೇತಿ ವಿಮಾನ, ಪುಷ್ಪಕ್ ಹಾಗೂ ಭೂಸೇನೆಯ ವೀಕ್ಷಣಾ ವಿಮಾನವಾದ ಕೃಷಕ್ ಇವರ ನೇತೃತ್ವದಲ್ಲಿ ರೂಪುಗೊಂಡವು.

ಶಿಕ್ಷಣ ಮತ್ತು ವೃತ್ತಿಜೀವನ

ಘಾಟಗೆಯವರು ಜನಿಸಿದ್ದು ಕೊಲ್ಹಾಪುರ ಸೀಮೆಯಲ್ಲಿ. ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ ವಾಯುಚಲನಶಾಸ್ತ್ರದ ಮಹಾನ್ ವಿದ್ವಾಂಸ ಲುಡ್ವಿಗ್ ಪ್ರಾಂಟ್ಲ್ ಅವರ ಶಿಷ್ಯರಾಗಿ ಡಾಕ್ಟರೇಟ್ ಪಡೆದರು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದ ಕಾರ್ಖಾನೆಯನ್ನು ಅದರ ಆರಂಭದ ದಿನಗಳಲ್ಲಿಯೇ ಸೇರಿ, ಹತ್ತು ಆಸನಗಳ ಗ್ಲೈಡರ್ ಒಂದನ್ನು ವಿನ್ಯಾಸಗೊಳಿಸಿದರು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ತೆರೆದಾಗ ಅದನ್ನು ಕಟ್ಟುವ ಹೊಣೆ ಇವರದಾಯಿತು. ಯುದ್ಧಕಾಲದಲ್ಲಿ ಕಾರ್ಖಾನೆಯ ಬಹುಪಾಲು ಕೆಲಸ ಅನ್ಯದೇಶದ ವಿಮಾನಗಳ ದುರಸ್ತಿಯೇ ಆಗಿತ್ತು. ಸ್ವಂತ ವಿನ್ಯಾಸಕ್ಕೆ ಬೇಕಾದ ಎಂಜಿನಿಯರುಗಳನ್ನು ಇಲ್ಲಿಯೇ ತಯಾರು ಮಾಡಬೇಕಿತ್ತು.

ಆ ಪ್ರಯತ್ನದ ಫಲ 1951ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಹಾರಿದ ಎಚ್‌ಟಿ-2. ವಾಯುಪಡೆಯ ಹಲವು ತಲೆಮಾರಿನ ಚಾಲಕರು ಹಾರಾಟದ ಮೊದಲ ಪಾಠ ಕಲಿತದ್ದು ಇದರಲ್ಲಿಯೇ.

ಕೃಷಕ್ ವಿಮಾನ

1958ರಲ್ಲಿ ಹಾರಿದ ಪುಷ್ಪಕ್, ಫ್ಲೈಯಿಂಗ್ ಕ್ಲಬ್‌ಗಳಿಗಾಗಿ ನಿರ್ಮಿಸಿದ ಎರಡು ಆಸನಗಳ ಚಿಕ್ಕ ವಿಮಾನ. ಅದನ್ನೇ ಹಿಗ್ಗಿಸಿ ರೂಪಿಸಿದ ಕೃಷಕ್ (ಎಚ್‌ಎಒಪಿ-27) 1959ರಲ್ಲಿ ಹಾರಿತು. ಫಿರಂಗಿದಳದ ಅಧಿಕಾರಿಯು ಆಕಾಶದಿಂದ ಗುಂಡು ಬಿದ್ದ ಸ್ಥಳವನ್ನು ನೋಡಿ, ಗುರಿಯನ್ನು ತಿದ್ದುವಂತೆ ರೇಡಿಯೋ ಮೂಲಕ ತಿಳಿಸುವುದು ವೀಕ್ಷಣಾ ವಿಮಾನದ ಕೆಲಸ. ರೆಕ್ಕೆ ತಲೆಯ ಮೇಲಿದ್ದರೆ ಕೆಳಗಿನ ನೆಲ ಮರೆಯಾಗದು. ಆದ್ದರಿಂದಲೇ ಈ ರಚನೆ. 1960ರ ದಶಕದಲ್ಲಿ ಸೇನೆಗೆ ಸೇರಿದ ಕೃಷಕ್, ಬ್ರಿಟಿಷ್ ನಿರ್ಮಿತ ಆಸ್ಟರ್ ವಿಮಾನಗಳ ಕೆಲಸವನ್ನು ವಹಿಸಿಕೊಂಡು, ಮುಂದಿನ ದಶಕದಲ್ಲಿ ಹೆಲಿಕಾಪ್ಟರ್‌ಗಳಿಗೆ ಸ್ಥಾನ ಬಿಟ್ಟುಕೊಟ್ಟಿತು.

ಹಳೆಯ ಛಾಯಾಚಿತ್ರಗಳಲ್ಲಿ ಇದನ್ನು ಪುಷ್ಪಕ್ ಎಂದು ಭಾವಿಸುವುದು ಸುಲಭ. ಎರಡಕ್ಕೂ ಮೇಲ್ಭಾಗದ ರೆಕ್ಕೆ, ಅದಕ್ಕೆ ಆಧಾರದ ಕಂಬಿಗಳು, ಬಾಲದ ಚಕ್ರ ಇವೆ. ಆದರೆ ಪುಷ್ಪಕ್‌ನ ಎಂಜಿನ್ 90 ಅಶ್ವಶಕ್ತಿಯದು. ಕೃಷಕ್‌ನದು 225 ಅಶ್ವಶಕ್ತಿಯದು. ಹೀಗಾಗಿ ಕೃಷಕ್‌ನ ಮೂತಿ ದಪ್ಪ, ಮೈಕಟ್ಟು ದೊಡ್ಡದು. ಹಿಂಬದಿಯಲ್ಲಿ ಮೂರನೆಯವರಿಗೂ ಸ್ಥಳವಿದೆ. ಹೆಸರೂ ದಾರಿ ತಪ್ಪಿಸುತ್ತದೆ: ಕೃಷಕ್ ಎಂದರೆ ರೈತ. ಬೆಳೆಗಳಿಗೆ ಔಷಧಿ ಸಿಂಪಡಿಸಲೆಂದು ಎಚ್‌ಎಎಲ್ ತಯಾರಿಸಿದ್ದು ಬಸಂತ್ ಎಂಬ ಬೇರೆಯೇ ವಿಮಾನ. ಅದರ ರೆಕ್ಕೆ ಕೆಳಭಾಗದಲ್ಲಿದೆ.

ನಂತರದ ವರ್ಷಗಳು

1964ರಲ್ಲಿ ಹಾರಿದ ಕಿರಣ್ ಜೆಟ್ ತರಬೇತಿ ವಿಮಾನದ ವಿನ್ಯಾಸವೂ ಘಾಟಗೆಯವರ ಮಾರ್ಗದರ್ಶನದಲ್ಲಿ ನಡೆಯಿತು. 1965ರಲ್ಲಿ ಭಾರತ ಸರ್ಕಾರ ಇವರಿಗೆ ಪದ್ಮಶ್ರೀ ನೀಡಿತು. ಬೆಂಗಳೂರಿನಲ್ಲಿ ಎಚ್‌ಎಎಲ್‌ನ ಸಮಾವೇಶ ಕೇಂದ್ರಕ್ಕೆ ಇವರ ಹೆಸರನ್ನು ಇಡಲಾಗಿದೆ.